ಕುದ್ಮುಲ್ ರಂಗರಾಯರಿಗೆ ಹಾರ ಸಾಕು, ವಕಾಲತ್ತು ಹಾಕಿ

ಮಾನ್ಯ ವಕೀಲರೇ,

ಮಂಗಳೂರು, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಮೂಡುಬಿದಿರೆ ಕೋರ್ಟುಗಳಲ್ಲಿ ದಿನಾ ಕರಿ ಕೋಟು ತೊಟ್ಟು ಓಡಾಡುವ ನಿಮ್ಮೆಲ್ಲರಿಗೂ ನಮಸ್ಕಾರ.

ಇದನ್ನು ಬರೆಯುತ್ತಿರುವವನು ವಕೀಲನಲ್ಲ, ವಕೀಲರ ಗುಮಾಸ್ತನಾಗಿ ದುಡಿದು ಮನೆಯಲ್ಲಿ ಕೂತವನು. ನಕಲು ಶಾಖೆಯ ಕಿಟಕಿ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು, ಎ.ಸಿ. (ಸಹಾಯಕ ಆಯುಕ್ತರ) ಕೋರ್ಟಿನ ಜಗಲಿ, ಇಷ್ಟೇ ನನ್ನ ಲೋಕ. ಮಾತು ಎಲ್ಲಾದರೂ ಖಾರ ಆಯಿತು ಅನ್ನಿಸಿದರೆ ನಿಮ್ಮ ಫೈಲು ಹೊತ್ತವನ ಸಲುಗೆ ಅಂತ ಬಿಟ್ಟುಬಿಡಿ.

ನಾನು ಕೇಳುವುದು ಒಂದೇ. ಜೂನ್ 29 ಕುದ್ಮುಲ್ ರಂಗರಾಯರು ಹುಟ್ಟಿದ ದಿನ. ಬರುವ ಜೂನ್ 29ರಿಂದ ಡಿ.ಸಿ. ಮನ್ನಾ ಜಮೀನಿನ, ಅಂದರೆ ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ಜಮೀನಿನ, ಕಾಗದಪತ್ರದ ಕೆಲಸವನ್ನು ನೀವು ವಕೀಲರಾಗಿ, ವಕಾಲತ್ತಿಗೆ ಸಹಿ ಹಾಕಿ, ಕೈಗೆತ್ತಿಕೊಳ್ಳಬೇಕು. ಭಾಷಣ ಬೇಡ, ಶಿಬಿರವೂ ಬೇಡ. ಯಾಕೆ ಈ ಕೆಲಸವೇ, ಯಾಕೆ ನೀವೇ ಅಂತ ಹೇಳಬೇಕಾದರೆ ರಂಗರಾಯರ ಬದುಕಿಗೇ ಹೋಗಬೇಕು.

ಮಂಗಳೂರಿನವರಿಗೆ ಅವರ ಹೆಸರು ಗೊತ್ತಿಲ್ಲದೆ ಏನಿಲ್ಲ. ನಮ್ಮ ಪುರಭವನಕ್ಕೆ ಅವರದೇ ಹೆಸರು. ಯಕ್ಷಗಾನಕ್ಕೆ, ನಾಟಕಕ್ಕೆ, ಸನ್ಮಾನಕ್ಕೆ, ಪುಸ್ತಕ ಬಿಡುಗಡೆಗೆ ಅಲ್ಲಿಗೇ ಹೋಗುತ್ತೇವೆ. ಆಮಂತ್ರಣ ಪತ್ರಿಕೆಯಲ್ಲಿ ‘ಕುದ್ಮುಲ್ ರಂಗರಾವ್ ಪುರಭವನ’ ಅಂತ ಓದಿ, ‘ಟೌನ್ ಹಾಲ್’ ಅಂತ ರಿಕ್ಷಾದವರಿಗೆ ಹೇಳುತ್ತೇವೆ. ಸ್ವಲ್ಪ ತಿಳಿದವರು ‘ದಲಿತೋದ್ಧಾರಕರು’ ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಬಿರುದು ಒಂದು ತೊಂದರೆ ಮಾಡಿದೆ. ಉದ್ಧಾರಕರು ಎಂದ ಕೂಡಲೇ ಅವರು ದೇವರ ಸಾಲಿಗೆ ಸೇರಿಬಿಡುತ್ತಾರೆ. ದೇವರಂಥವರು ಮಾಡಿದ್ದನ್ನು ನಾವು ಮಾಡಬೇಕಾಗಿಲ್ಲ ಅಲ್ವಾ, ಹಾರ ಹಾಕಿದರೆ ಆಯಿತು. ನನಗೆ ಕಾಣುವ ರಂಗರಾಯರು ಒಬ್ಬ ಪ್ಲೀಡರ್. ಅವರು ಮಾಡಿದ್ದರಲ್ಲಿ ಹೆಚ್ಚಿನದು ವಕೀಲನ ಕೆಲಸವೇ. ಯಾರಿಗೆ ಏನು ನಷ್ಟ ಆಗಿದೆ ಎಂದು ಮೊದಲು ನೋಡುವುದು. ಅದನ್ನು ಕೊಡಬೇಕಾದವರು ಯಾರು ಎಂದು ಕಂಡುಹಿಡಿಯುವುದು. ಅರ್ಜಿ ಬರೆಯುವುದು. ಹುಕುಂ ಬರುವ ತನಕ ಬೆನ್ನು ಬಿಡದಿರುವುದು. ಹುಕುಂ ಬಂದ ಮೇಲೆ ಸ್ವಾಧೀನ ಕೊಡಿಸಿಯೇ ಮನೆಗೆ ಹೋಗುವುದು.

ಅವರು ಹುಟ್ಟಿದ್ದು 1859ರಲ್ಲಿ, ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಸಂಸಾರದ ಭಾರ ಹೆಗಲಿಗೆ ಬಂತು, ಮಂಗಳೂರು ಸೇರಿದರು. ಮೊದಲು ಶಾಲಾ ಮಾಸ್ತರರಾದರು, ಆಮೇಲೆ ಪ್ಲೀಡರ್ ಪರೀಕ್ಷೆ ಪಾಸು ಮಾಡಿದರು. ಆ ಕಾಲದಲ್ಲಿ ಕಾನೂನಿನ ಡಿಗ್ರಿ ಇಲ್ಲದಿದ್ದರೂ ಆ ಪರೀಕ್ಷೆ ಪಾಸಾದವರು ಜಿಲ್ಲೆಯ ಕೋರ್ಟುಗಳಲ್ಲಿ ವಾದಿಸಬಹುದಿತ್ತು.

ಆಗಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಕೋರ್ಟಿಗೆ ಬರುವ ದಾವೆಗಳಲ್ಲಿ ಜಮೀನಿನದೇ ಜಾಸ್ತಿ. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಧಣಿ ಬಿಡಿಸಬಹುದಾದ ಗೇಣಿ), ಒಕ್ಕಲೆಬ್ಬಿಸುವುದು, ಬಾಕಿ ಗೇಣಿ ವಸೂಲಿ. ಈ ಶಬ್ದಗಳೆಲ್ಲ ನಿಮ್ಮ ಸೀನಿಯರುಗಳ ಹಳೆಯ ಕಟ್ಟುಗಳಲ್ಲಿ ಈಗಲೂ ಸಿಗುತ್ತವೆ. ದುಡ್ಡು ಕೊಡುವ ಕಕ್ಷಿದಾರ ಎಂದರೆ ಧಣಿಯೇ. ಅಂಥ ಊರಿನಲ್ಲಿ ಧಣಿಗಳ ಗದ್ದೆಯಲ್ಲಿ ಮೂಲದಾಳಾಗಿ, ಅಂದರೆ ಧಣಿಗೇ ಕಟ್ಟುಬಿದ್ದ ಆಳಾಗಿ, ದುಡಿಯುವವರ ಪರ ನಿಲ್ಲುವುದು ಎಂದರೆ ವಕೀಲನೊಬ್ಬ ತನ್ನ ಹೊಟ್ಟೆಗೆ ತಾನೇ ಹೊಡೆದುಕೊಂಡಂತೆ. ಅವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬ್ರಹ್ಮಸಮಾಜದ ಒಡನಾಟ ಇತ್ತು, ಜಾತಿಭೇದ ತಪ್ಪು ಎಂಬ ಮಾತು ಆ ವಲಯದಲ್ಲಿ ಆಗಲೇ ಓಡಾಡುತ್ತಿತ್ತು. ಮಾತು ಎಲ್ಲರದ್ದೂ ಆಗಿತ್ತು. ಇವರು ಅದನ್ನು ಅಂಗಳಕ್ಕೆ ಇಳಿಸಿದರು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಕಟ್ಟಿದರು. ಮುಂಬೈಯಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಇಂಥದೇ ಹೆಸರಿನ ದೊಡ್ಡ ಸಂಸ್ಥೆ ಶುರು ಮಾಡಿದ್ದು 1906ರಲ್ಲಿ. ನಮ್ಮ ಸಣ್ಣ ಊರಿನ ಪ್ಲೀಡರ್ ಒಂಬತ್ತು ವರ್ಷ ಮೊದಲೇ ಹೆಜ್ಜೆ ಇಟ್ಟಾಗಿತ್ತು. ಇದನ್ನು ನಾವು ಗಟ್ಟಿಯಾಗಿ ಹೇಳಿಕೊಳ್ಳುವುದೇ ಇಲ್ಲ. ಮಂಗಳೂರಿನವರಿಗೆ ಹೊಟೇಲಿನ ಬಗ್ಗೆ ಇರುವ ಹೆಮ್ಮೆ ಇಂಥದರ ಬಗ್ಗೆ ಇಲ್ಲ ಮಾರಾಯ್ರೇ.

ಆ ಶಾಲೆಯ ಒಂದು ವಿಷಯ ನನಗೆ ತುಂಬಾ ಹಿಡಿಸಿದೆ. ಮಕ್ಕಳನ್ನು ಶಾಲೆಗೆ ಕಳಿಸಿದ ತಂದೆತಾಯಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು. ಮಕ್ಕಳಿಗೆ ಮಧ್ಯಾಹ್ನ ಊಟ. ಇದನ್ನು ದಾನ ಅಂತ ಓದುವವರಿದ್ದಾರೆ. ಗುಮಾಸ್ತನ ಕಣ್ಣಿಗೆ ಇದು ಪಕ್ಕಾ ನಷ್ಟ ಪರಿಹಾರ. ಎಂಟು ವರ್ಷದ ಹುಡುಗ ಧಣಿಯ ದನ ಕಾಯಲು ಹೋಗದಿದ್ದರೆ ಆ ದಿನದ ಗಂಜಿ ಇಲ್ಲ. ಆ ಗಂಜಿಯ ಲೆಕ್ಕ ಚುಕ್ತಾ ಆಗದೆ ಅವನು ಸ್ಲೇಟು ಹಿಡಿಯುವುದಿಲ್ಲ. ‘ಇವರಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ’ ಅಂತ ಸುಮ್ನೆ ಬೈದು ಕೂರಬಹುದಿತ್ತು. ಊರೆಲ್ಲ ಹಾಗೇ ಬೈಯುತ್ತಿತ್ತು. ರಂಗರಾಯರು ಬೈಯದೆ ಲೆಕ್ಕ ಹಾಕಿದರು.

ಊರು ಸುಮ್ಮನಿರಲಿಲ್ಲ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರದವರು, ಮಡಿವಾಳರು ಮನೆಗೆ ಬರುವುದು ನಿಂತಿತು. ಶಾಲೆಗೆ ಮೇಲ್ಜಾತಿಯ ಮೇಷ್ಟ್ರು ಸಿಗಲಿಲ್ಲ, ಕ್ರೈಸ್ತ ಮೇಷ್ಟ್ರುಗಳನ್ನು ಕರೆತಂದರು. ಇದೆಲ್ಲ ಎರಡು ಸಾಲಿನಲ್ಲಿ ಬರೆದು ಮುಗಿಯಿತು. ಆದರೆ ಸಣ್ಣ ಊರಿನ ಬಹಿಷ್ಕಾರ ಎಂದರೆ ಏನು ಅಂತ ನಿಮಗೆ ಬೇರೆ ಹೇಳಬೇಕೇ? ದೊಡ್ಡ ನಗರದಲ್ಲಿ ಬೇರೆ ಬೀದಿಗೆ ಹೋಗಿ ಬದುಕಬಹುದು. ಇಲ್ಲಿ ಬೆಳಿಗ್ಗೆ ಬೈದವನೇ ಮಧ್ಯಾಹ್ನ ವಕೀಲರ ಕೊಠಡಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಇರುತ್ತಾನೆ.

ಶಾಲೆಗಳು ಒಂದರಿಂದ ಹಲವಾದವು. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಆಯಿತು. ಕೊಡಿಯಾಲ್‌ಬೈಲಿನ ಕೋರ್ಟ್ ಗುಡ್ಡದಲ್ಲಿ ಮಿಷನ್ ನೆಲೆಯಾಯಿತು. ನೇಯ್ಗೆ, ಬಡಗಿ ಕೆಲಸ ಕಲಿಸಿದರು. ಓದಿದವರನ್ನು ಮುನ್ಸಿಪಾಲಿಟಿಗೆ, ತಾಲ್ಲೂಕು ಬೋರ್ಡಿಗೆ ನಾಮಕರಣ ಮಾಡಿಸಲು ಸರ್ಕಾರದ ಹಿಂದೆ ಬಿದ್ದರು, ಮಾಡಿಸಿದರು. ನಿಮ್ಮಲ್ಲಿ ಎಷ್ಟೋ ಜನ ದಿನಾ ಕೋರ್ಟಿಗೆ ಬರುವ ದಾರಿಯ ಆಸುಪಾಸಿನಲ್ಲೇ ಇದೆಲ್ಲ ನಡೆಯಿತು.

ಮಗಳ ವಿಷಯವನ್ನೂ ಹೇಳಬೇಕು. ರಾಧಾಬಾಯಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ ಕೋಣೆಗೆ ತಳ್ಳುತ್ತಿದ್ದ ಕಾಲ ಅದು. ರಂಗರಾಯರು ಮಗಳನ್ನು ಮದ್ರಾಸಿಗೆ ಓದಲು ಕಳಿಸಿದರು, ಅವರು ಮುಂದೆ ಆಕ್ಸ್‌ಫರ್ಡಿಗೂ ಹೋದರು. ಮರುಮದುವೆ ಆದದ್ದು ಪಿ. ಸುಬ್ಬರಾಯನ್ ಅವರನ್ನು, ತಮಿಳುನಾಡಿನ ಬೇರೆ ಜಾತಿಯ ಜಮೀನ್ದಾರ ಮನೆತನದವರು. ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದರು. 1938ರಲ್ಲಿ ಆಗಿನ ಕೇಂದ್ರ ಶಾಸನಸಭೆಯ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆರಿಸಿ ಬಂದ ಮೊದಲ ಮಹಿಳೆಯಾದರು. ಅವರ ಮಗ ಜನರಲ್ ಪಿ.ಪಿ. ಕುಮಾರಮಂಗಲಂ 1966ರಲ್ಲಿ ಸೇನಾ ಮುಖ್ಯಸ್ಥರಾದರು, ಇನ್ನೊಬ್ಬ ಮಗ ಮೋಹನ್ ಕುಮಾರಮಂಗಲಂ ವಕೀಲರಾಗಿ ಕೇಂದ್ರ ಮಂತ್ರಿಯಾದರು, ಮಗಳು ಪಾರ್ವತಿ ಕೃಷ್ಣನ್ ಸಂಸದೆಯಾದರು. ಮಂಗಳೂರಿನ ಒಬ್ಬ ಪ್ಲೀಡರ್ ‘ಊರು ಏನನ್ನುತ್ತದೆ’ ಎಂದು ಹೆದರಿದ್ದರೆ ಈ ಸಾಲೇ ಇರುತ್ತಿರಲಿಲ್ಲ. ಬೇರೆಯವರ ಮಕ್ಕಳಿಗೆ ಒಂದು ನ್ಯಾಯ, ತನ್ನ ಮಗಳಿಗೆ ಒಂದು ನ್ಯಾಯ ಅಂತ ಅವರು ಇಟ್ಟುಕೊಳ್ಳಲಿಲ್ಲ. ನಮ್ಮ ಎಷ್ಟೋ ಸುಧಾರಕರ ಸುಧಾರಣೆ ಸ್ವಂತ ಮನೆಯ ಹೊಸ್ತಿಲ ಹೊರಗೇ ನಿಂತುಬಿಡುತ್ತದೆ.

ಕೊನೆಗಾಲದಲ್ಲಿ ಸಂನ್ಯಾಸ ತೆಗೆದುಕೊಂಡು ಈಶ್ವರಾನಂದ ಎಂಬ ಹೆಸರು ಪಡೆದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಅಂತ್ಯಸಂಸ್ಕಾರ ತೋಟಿ ಕೆಲಸದವರೇ ಮಾಡಬೇಕು ಎಂದು ಹೇಳಿಟ್ಟಿದ್ದರು, ಹಾಗೇ ಆಯಿತು. ಆರು ವರ್ಷದ ನಂತರ ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕೆಲಸವನ್ನು ನೆನೆದು ಗೌರವಿಸಿದರು. ಸಮಾಧಿಯ ಮೇಲೆ ರಂಗರಾಯರ ಒಂದು ಆಸೆ ಕೆತ್ತಿದ್ದಾರೆ. ದಲಿತರ ಮಕ್ಕಳು ಓದಿ, ಸರ್ಕಾರಿ ಹುದ್ದೆ ಹಿಡಿದು, ನಮ್ಮೂರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬ ಅರ್ಥದ ಮಾತು. ಪ್ರತಿ ಕಾರ್ಯಕ್ರಮದಲ್ಲೂ ಭಾಷಣಕಾರರು ಇದನ್ನು ಹೇಳಿ ಗಂಟಲು ಬಿಗಿ ಹಿಡಿಯುತ್ತಾರೆ. ಆಮೇಲೆ ಉಪ್ಪಿಟ್ಟು, ಕಾಫಿ.

ರಂಗರಾಯರೊಬ್ಬರೇ ಹಾಗಿದ್ದರು, ಉಳಿದವರೆಲ್ಲ ಫೀಸು ಎಣಿಸಿಕೊಂಡಿದ್ದರು ಅಂತ ತಿಳಿಯಬೇಡಿ. ನಿಮ್ಮ ಬಾರ್‌ನ ಹಿರಿಯರು ಯಾರು ಯಾರು ಅಂತ ಒಮ್ಮೆ ನೋಡಿ. ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನ ವಕೀಲರು. ಕಕ್ಷಿದಾರರನ್ನು ಕೋರ್ಟಿಗೆ ಎಳೆಯುವ ಬದಲು ರಾಜಿ ಮಾಡಿಸಲು ನೋಡುತ್ತಿದ್ದರು ಎಂದು ಹೆಸರಾದವರು. 1891ರಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ, 1906ರ ಜುಲೈ 1ರಂದು ಇವತ್ತಿನ ಕೆನರಾ ಬ್ಯಾಂಕಾಗಿ ಬೆಳೆದ ನಿಧಿ, ಎಲ್ಲವೂ ಅವರ ಕೈಯದು. ಮೊಳಹಳ್ಳಿ ಶಿವರಾಯರು ಪುತ್ತೂರಿನ ವಕೀಲರು. ಜಿಲ್ಲೆಯ ಸಹಕಾರಿ ಸಂಘಗಳಿಗೆ ಬುಡ ಹಾಕಿದವರು ಅವರೇ. ಸೊಸೈಟಿಗೆ ಸಾಲಕ್ಕೆ ಹೋಗುವ ಪ್ರತಿ ಕೃಷಿಕನೂ ಅವರ ಋಣದಲ್ಲಿದ್ದಾನೆ.

ಕಾರ್ನಾಡು ಸದಾಶಿವರಾಯರದು ಇನ್ನೊಂದು ಕಥೆ. ವಕೀಲರ ಮಗ, ತಾವೂ ವಕೀಲರು, ಮನೆಯಲ್ಲಿ ಬೇಕಾದಷ್ಟು ಇತ್ತು. ಹೆಂಡತಿ ಶಾಂತಾಬಾಯಿಯವರ ಜೊತೆ ವಿಧವೆಯರಿಗಾಗಿ, ಬಡ ಹೆಂಗಸರಿಗಾಗಿ ಮಹಿಳಾ ಸಭಾ ಕಟ್ಟಿದರು. 1919ರಲ್ಲಿ ಗಾಂಧೀಜಿಯ ಸತ್ಯಾಗ್ರಹ ಪ್ರತಿಜ್ಞೆಗೆ ಕರ್ನಾಟಕದಿಂದ ಮೊದಲು ಸಹಿ ಹಾಕಿದವರು. ವಕೀಲಿ ಬಿಟ್ಟರು, ಆಸ್ತಿ ಕರಗಿಸಿದರು, ಜೈಲಿಗೆ ಹೋದರು. ಫೈಜ್‌ಪುರ ಕಾಂಗ್ರೆಸ್ಸಿಗೆ ಹೋಗಿ ಕಾಯಿಲೆ ಬಿದ್ದು 1937ರ ಜನವರಿಯಲ್ಲಿ ತೀರಿಕೊಂಡಾಗ ಅವರ ಬಳಿ ಏನೂ ಉಳಿದಿರಲಿಲ್ಲ. ಹಂಪನಕಟ್ಟೆಯಿಂದ ಹೋಗುವ ಕೆ.ಎಸ್. ರಾವ್ ರಸ್ತೆ ಅವರದೇ. ಬೆಂಗಳೂರಿನ ಸದಾಶಿವನಗರವೂ ಅವರದೇ ಹೆಸರು. ಇದ್ದದ್ದೆಲ್ಲ ಕೊಟ್ಟು ಬರಿಗೈಯಲ್ಲಿ ಹೋದವರ ಹೆಸರಿನ ಬಡಾವಣೆಯಲ್ಲಿ ಈಗ ಒಂದು ಸೈಟು ಕೊಳ್ಳಲು ಕೋಟಿ ಕೋಟಿ ಬೇಕು. ನಗು ಬರುತ್ತದೆ, ಏನು ಮಾಡುವುದು.

ಇವರೆಲ್ಲ ಒಂದೇ ಜಿಲ್ಲೆಯವರು, ಹತ್ತಿರ ಹತ್ತಿರದ ಕಾಲದವರು, ಎಲ್ಲರೂ ವಕೀಲರು. ಇದು ಕಾಕತಾಳೀಯ ಅಲ್ಲ. ಸಣ್ಣ ಊರಿನಲ್ಲಿ ಸರ್ಕಾರದ ಭಾಷೆ ಬರುವವನು, ಅರ್ಜಿ ಎಲ್ಲಿ ಕೊಡಬೇಕು ಎಂದು ತಿಳಿದವನು, ಕಲೆಕ್ಟರ ಎದುರು ನಿಂತು ಮಾತಾಡಬಲ್ಲವನು ವಕೀಲನೇ ಆಗಿದ್ದ. ಜನ ಕೋರ್ಟಿನ ಕೆಲಸಕ್ಕೂ ಅವನ ಬಳಿ ಬರುತ್ತಿದ್ದರು, ಕೋರ್ಟಿಗೆ ಸಂಬಂಧ ಇಲ್ಲದ್ದಕ್ಕೂ ಬರುತ್ತಿದ್ದರು. ಸಿಕ್ಕ ಗೌರವ ಎರಡನೆಯದರಿಂದ.

ಇನ್ನು ಡಿ.ಸಿ. ಮನ್ನಾ.

ರಂಗರಾಯರು ಶಾಲೆಗೆ ನಿಲ್ಲಲಿಲ್ಲ. ಸರ್ಕಾರದಿಂದ ಜಮೀನು ಪಡೆದು ದಲಿತ ಕುಟುಂಬಗಳಿಗೆ ಹಂಚಿದರು, ಕಾಲನಿ ಮಾಡಿದರು. ಧಣಿಯ ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕಿಕೊಂಡವನು ಧಣಿಯ ಎದುರು ಬಾಯಿ ಬಿಡಲಾರ, ಬಿಟ್ಟರೆ ಮರುದಿನ ಗುಡಿಸಲು ಇರುವುದಿಲ್ಲ. ಇದು ಅವರಿಗೆ ಗೊತ್ತಿತ್ತು. ಬ್ರಿಟಿಷರ ಕಾಲದಲ್ಲಿ ಹೀಗೆ ದಲಿತರಿಗೆಂದೇ ಕಾದಿರಿಸಿದ ಜಮೀನು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಇದೆ. ದಾಖಲೆಯಲ್ಲಿ ‘ಡಿ.ಸಿ. ಮನ್ನಾ’ ಅಂತ ಬರುತ್ತದೆ. ಇಲ್ಲಿ ಡಿ.ಸಿ. ಎಂದರೆ ಜಿಲ್ಲಾಧಿಕಾರಿ ಅಲ್ಲ, ಡಿಪ್ರೆಸ್ಡ್ ಕ್ಲಾಸ್. ಇದರಲ್ಲಿ ಎಷ್ಟೋ ಜಾಗ ಹಂಚಿಕೆಯೇ ಆಗಿಲ್ಲ. ಎಷ್ಟೋ ಜಾಗದಲ್ಲಿ ಬೇರೆಯವರ ಬೇಲಿ ಇದೆ. ದಲಿತರ ಕುಂದುಕೊರತೆ ಸಭೆಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಅಧಿಕಾರಿಗಳು ‘ಪರಿಶೀಲಿಸುತ್ತೇವೆ’ ಅನ್ನುತ್ತಾರೆ. ಪೇಪರಿನಲ್ಲಿ ಒಂದು ಕಾಲಂ ಸುದ್ದಿ ಬರುತ್ತದೆ. ಮುಂದಿನ ಸಭೆಯಲ್ಲಿ ಮತ್ತೆ ಅದೇ ಮಾತು.

ಯಾಕೆ ಹೀಗೆ? ನಾನು ಕಂಡದ್ದನ್ನು ಹೇಳುತ್ತೇನೆ. ಒಬ್ಬರು ಅಜ್ಜಿ ನಮ್ಮ ಆಫೀಸಿಗೆ ಬಂದಿದ್ದರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ಬಾಳೆನಾರು ಕಟ್ಟಿದ್ದರು. ಮೇಜಿನ ಮೇಲೆ ಸುರಿದರೆ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಮಗನ ಮಾರ್ಕ್ಸ್ ಕಾರ್ಡು, ಯಾವುದೋ ಚುನಾವಣೆಯ ಚೀಟಿ, ಅವುಗಳ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಹಳೆಯ ಕಾಗದ. ಮಡಿಕೆ ಬಿದ್ದ ಕಡೆಯೆಲ್ಲ ತೂತು. ಸರ್ವೆ ನಂಬರಿನ ಕೊನೆಯ ಅಂಕಿ ಸರಿಯಾಗಿ ಆ ತೂತಿನಲ್ಲೇ ಹೋಗಿತ್ತು. ‘ಇದು ನಮ್ಮದಾ?’ ಅಂತ ತುಳುವಿನಲ್ಲಿ ಕೇಳಿದರು. ಪಕ್ಕದ ವರ್ಗದಾರ (ಪಟ್ಟಾ ಜಮೀನಿನ ಯಜಮಾನ) ‘ಇದು ನನ್ನ ಕುಮ್ಕಿ’, ಅಂದರೆ ತನ್ನ ಜಮೀನಿಗೆ ತಾಗಿದ, ತಾನು ಬಳಸಿಕೊಳ್ಳುವ ಸರ್ಕಾರಿ ಜಾಗ, ಅಂತ ಬೇಲಿ ಹಾಕಿದ್ದ. ಉಗ್ರಾಣಿ (ಗ್ರಾಮ ಸಹಾಯಕ) ಒಂದು ಹೇಳಿದ, ತಾಲ್ಲೂಕು ಕಚೇರಿಯಲ್ಲಿ ಇನ್ನೊಂದು ಹೇಳಿದರು. ಅವರು ಅಷ್ಟು ವರ್ಷದಲ್ಲಿ ಎಷ್ಟೋ ಜನರಿಗೆ ಮನವಿ ಕೊಟ್ಟಿದ್ದರು. ಎಲ್ಲವೂ ಮನವಿ. ಒಂದರಲ್ಲೂ ಯಾವ ಕಾಯ್ದೆಯ ಯಾವ ಕಲಂ ಅಂತ ಇಲ್ಲ, ಒಂದಕ್ಕೂ ಸ್ವೀಕೃತಿ ಮುದ್ರೆ ಇಲ್ಲ, ಒಂದಕ್ಕೂ ಕೇಸ್ ನಂಬರ್ ಬಿದ್ದಿಲ್ಲ.

ಕೇಸ್ ನಂಬರ್ ಬೀಳದ ಕಾಗದ ಸರ್ಕಾರಿ ಕಚೇರಿಯಲ್ಲಿ ಕಾಗದವೇ ಅಲ್ಲ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಅವರಿಗೆ ಬೇಕಾದದ್ದು ಅನುಕಂಪ ಅಲ್ಲ, ತಲೆ ಓಡಿಸುವ ಒಬ್ಬ ವಕೀಲ. ಯಾಕೆಂದರೆ ಈ ಜಮೀನುಗಳ ಸ್ಥಿತಿ ಒಂದೇ ರೀತಿ ಇಲ್ಲ. ಹಿಂದೆ ಯಾರಿಗೋ ಮಂಜೂರಾಗಿ ಆಮೇಲೆ ಕೈ ತಪ್ಪಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ, ಅಂದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ, ಇದೆ. ಅನುಮತಿ ಇಲ್ಲದೆ ಪರಭಾರೆ ಮಾಡಿದ್ದರೆ ಸಹಾಯಕ ಆಯುಕ್ತರ ಮುಂದೆ ಅರ್ಜಿ ಹಾಕಿ ವಾಪಸು ಕೇಳಬಹುದು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ‘ತಡವಾಗಿ ಬಂದಿರಿ’ ಅಂತ ಇಂಥ ಅರ್ಜಿಗಳು ಬಿದ್ದುಹೋಗುತ್ತಿದ್ದವು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿ ತೆಗೆದರು. ಮಂಜೂರೇ ಆಗದೆ ಬರೀ ಕಾದಿರಿಸಿದ ಜಾಗವಾದರೆ ದಾರಿ ಬೇರೆ. ಅಲ್ಲಿ ಒತ್ತುವರಿ ತೆರವು, ಸರ್ವೆ, ಹಂಚಿಕೆ, ಎಲ್ಲ ಕಂದಾಯ ಕಾಯ್ದೆಯ ಕೆಳಗೆ ಬರುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯನ್ನು ಓದಿ. ಪರಿಶಿಷ್ಟರಿಗೆ ಹಂಚಿದ ಜಮೀನಷ್ಟೇ ಅಲ್ಲ, ಅವರಿಗೆ ಹಂಚಲು ಅಧಿಸೂಚನೆಯಾದ ಜಮೀನನ್ನು ಅಕ್ರಮವಾಗಿ ಹಿಡಿದುಕೊಳ್ಳುವುದೂ ಅಪರಾಧ. ಯಾವ ಸರ್ವೆ ನಂಬರು ಯಾವ ದಾರಿಯಲ್ಲಿ ಹೋಗಬೇಕು ಎಂದು ಆ ಅಜ್ಜಿ ಹೇಗೆ ತೀರ್ಮಾನ ಮಾಡಬೇಕು? ನನ್ನಂಥ ಗುಮಾಸ್ತನೇ ಎಡವುತ್ತಾನೆ.

ಕರಾವಳಿಯ ಬುಡಕಟ್ಟಿನವರಾದ ಕೊರಗರ ವಿಷಯ ಇನ್ನೂ ಕಷ್ಟ. ಅವರನ್ನು ಕೀಳಾಗಿ ಕಾಣುವುದನ್ನು, ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವಂಥ ಅಜಲು ಪದ್ಧತಿಯನ್ನು ನಿಲ್ಲಿಸಲು ಸರ್ಕಾರ 2000ದಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ರಂಗರಾಯರು ತೀರಿಕೊಂಡು ಎಪ್ಪತ್ತು ವರ್ಷ ದಾಟಿದ ಮೇಲೆ! ಕಾಯ್ದೆ ಬಂತು. ಅದನ್ನು ಹಿಡಿದುಕೊಂಡು ಕೋರ್ಟಿಗೆ ಬರುವ ಕೊರಗ ಕಕ್ಷಿದಾರ ನಿಮ್ಮ ಆಫೀಸಿಗೆ ಬಂದದ್ದುಂಟಾ? ಒಮ್ಮೆ ನೆನಪು ಮಾಡಿಕೊಳ್ಳಿ.

ನೀವು ಹೇಳಬಹುದು, ಇದಕ್ಕೆಲ್ಲ ಕಾನೂನು ಸೇವಾ ಪ್ರಾಧಿಕಾರ ಇದೆಯಲ್ಲ ಅಂತ. ಇದೆ. 1987ರ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗಬೇಕು. ಒಳ್ಳೆಯ ವ್ಯವಸ್ಥೆ, ಅದನ್ನು ಬಳಸಿಕೊಳ್ಳಿ. ಆದರೆ ಕೇಳುವವನು ಬಾಗಿಲಿಗೆ ಬಂದ ಮೇಲಿನ ಮಾತು ಅದು. ಬರುವುದಕ್ಕೇ ದಾರಿ ಗೊತ್ತಿಲ್ಲದವನಿಗೆ ಏನು? ಶಿಬಿರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬ್ಯಾನರು, ದೀಪ, ಗಿಡಕ್ಕೆ ನೀರು, ಸ್ವಾಗತ, ಪ್ರಾಸ್ತಾವಿಕ, ಧನ್ಯವಾದ. ಹಿಂದಿನ ಸಾಲಿನಲ್ಲಿ ಚೀಲ ಹಿಡಿದು ಕೂತ ಹೆಂಗಸಿನ ಚೀಲ ಬಿಚ್ಚಿ ನೋಡಲು ಯಾರಿಗೂ ಪುರುಸೊತ್ತಿಲ್ಲ.

ಇನ್ನೊಂದು ಮಾತು ಬರುತ್ತದೆ ಅಂತ ಗೊತ್ತು. ‘ನಮಗೂ ಹೊಟ್ಟೆಪಾಡು ಇದೆಯಲ್ಲ?’ ಜೂನಿಯರ್ ಮಕ್ಕಳು ಇದನ್ನು ಹೇಳಿದರೆ ನಾನು ಒಪ್ಪುತ್ತೇನೆ. ಬಸ್ಸಿನ ಖರ್ಚಿಗೂ ಸೀನಿಯರ ಮುಖ ನೋಡುವ ಹುಡುಗ ಹುಡುಗಿಯರನ್ನು ಕಂಡಿದ್ದೇನೆ. ಅವರ ತಲೆ ಮೇಲೆ ಇದನ್ನು ಹೇರಬೇಡಿ. ಇದು ಸೀನಿಯರುಗಳಿಗೆ ಹೇಳುತ್ತಿರುವುದು. ನಿಮ್ಮ ಬಾರ್ ಕೌನ್ಸಿಲ್ ನಿಯಮಗಳಲ್ಲಿ 46ನೆಯದನ್ನು ತೆಗೆದು ನೋಡಿ. ಫೀಸು ಕೊಡಲಾಗದವನಿಗೂ ವಕೀಲ ಸಿಗಬೇಕು, ತನ್ನ ಶಕ್ತಿಯ ಮಿತಿಯೊಳಗೆ ಬಡವರಿಗೆ, ತುಳಿತಕ್ಕೆ ಒಳಗಾದವರಿಗೆ ಉಚಿತವಾಗಿ ನೆರವಾಗುವುದು ವಕೀಲ ಸಮಾಜಕ್ಕೆ ಸಲ್ಲಿಸಬೇಕಾದ ದೊಡ್ಡ ಕರ್ತವ್ಯಗಳಲ್ಲಿ ಒಂದು ಅಂತ ಅಲ್ಲಿ ಇದೆ. ಶಕ್ತಿಯ ಮಿತಿಯೊಳಗೆ ಎಂದಿದ್ದಾರೆ. ಸದಾಶಿವರಾಯರ ಹಾಗೆ ಮನೆ ಮಾರಿ ಅಂತ ಯಾರೂ ಹೇಳುತ್ತಿಲ್ಲ.

ಹಾಗಾದರೆ ಏನು ಮಾಡಬೇಕು? ಗುಮಾಸ್ತನ ಲೆಕ್ಕ ಇದು. ಒಂದೊಂದು ಕೋರ್ಟಿನ ಸಂಘ ತನ್ನ ತಾಲ್ಲೂಕಿನ ಒಂದೇ ಒಂದು ಗ್ರಾಮ ಆರಿಸಿಕೊಳ್ಳಲಿ. ಹತ್ತು ಗ್ರಾಮ ಬೇಡ, ಮುಗಿಯುವುದಿಲ್ಲ. ಆ ಗ್ರಾಮದ ಡಿ.ಸಿ. ಮನ್ನಾ ಜಾಗದ ಸರ್ವೆ ನಂಬರುಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ಈಗಿನ ಆರ್.ಟಿ.ಸಿ. ಸಾಲದು, ಆಗಿನ ಕಾಲದ ಪಹಣಿಯಾದ ಹಳೆಯ ಅಡಂಗಲ್‌ನ ದೃಢೀಕೃತ ನಕಲು ಬೇಕು. ಬೇಲಿ ಯಾವಾಗ ಬಿತ್ತು ಎನ್ನುವುದರ ಗುಟ್ಟು ಅಲ್ಲೇ ಇರುವು‌ದು. ನಕ್ಷೆ ಹಿಡಿದು ಒಂದು ಭಾನುವಾರ ಜಾಗಕ್ಕೆ ಹೋಗಿ. ಕಾಲನಿಯವರ ಮನೆಯ ಅಂಗಳದಲ್ಲೇ ಕೂತು ಚೀಲಗಳನ್ನು ಬಿಚ್ಚಿ. ಯಾವುದು ಪಿ.ಟಿ.ಸಿ.ಎಲ್., ಯಾವುದು ಒತ್ತುವರಿ, ಯಾವುದು ಹೊಸ ಹಂಚಿಕೆ ಅಂತ ವಿಂಗಡಿಸಿ. ಅರ್ಜಿ ಹಾಕಿ, ವಕಾಲತ್ತು ಹಾಕಿ, ಕೇಸ್ ನಂಬರ್ ತೆಗೆದುಕೊಂಡು ಬನ್ನಿ. ವಾಯಿದೆಗೆ ನೀವೇ ಹೋಗಿ ನಿಲ್ಲಿ. ಎ.ಸಿ. ಕೋರ್ಟಿನಲ್ಲಿ ಎದುರುದಾರನ ಪರ ಹೆಸರಾಂತ ವಕೀಲರು ನಿಂತಿರುತ್ತಾರೆ, ಈ ಕಡೆ ಬರೀ ಕೈಮುಗಿದ ಜನ ಇರುತ್ತಾರೆ. ಈ ಕಡೆಯೂ ಒಂದು ಕರಿ ಕೋಟು ಕಂಡರೆ ಅಧಿಕಾರಿ ಫೈಲು ಓದುವ ರೀತಿಯೇ ಬೇರೆ. ಇದನ್ನು ನಾನು ಜಗಲಿಯಲ್ಲಿ ನಿಂತು ನೋಡಿದವನು.

ಎದುರುದಾರ ನಿಮ್ಮದೇ ಹಳೆಯ ಕಕ್ಷಿದಾರ ಆಗಿರಬಹುದು. ಆಗ ನಿಮಗೆ ಬರಲಾಗುವುದಿಲ್ಲ, ಅದು ಸರಿ. ಹಾಗಿದ್ದರೆ ಪಕ್ಕದ ತಾಲ್ಲೂಕಿನವರು ಆ ಫೈಲು ಹಿಡಿಯಲಿ, ಅವರ ಗ್ರಾಮದ್ದನ್ನು ನೀವು ಹಿಡಿಯಿರಿ. ಜಾತಿಯವರು, ನೆಂಟರು, ದೇವಸ್ಥಾನದ ಕಮಿಟಿಯವರು ಫೋನು ಮಾಡುತ್ತಾರೆ. ‘ಸುಮ್ನೆ ಯಾಕೆ ಊರಿನ ವಿರೋಧ ಕಟ್ಟಿಕೊಳ್ಳುತ್ತೀರಿ’ ಅನ್ನುತ್ತಾರೆ. ರಂಗರಾಯರಿಗೂ ಹೀಗೇ ಹೇಳಿದ್ದಿರಬೇಕು, ಫೋನು ಇರಲಿಲ್ಲ ಅಷ್ಟೇ.

ಪುರಭವನದ ಕಾರ್ಯಕ್ರಮ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹಾರ ಹಾಕಿ, ಮಾತಾಡಿ. ಆದರೆ ಮುಂದಿನ ವರ್ಷದಿಂದ ಆ ವೇದಿಕೆಯಲ್ಲಿ ಒಂದು ಪಟ್ಟಿ ಓದಿ. ಇಂಥ ಗ್ರಾಮ, ಇಂಥ ಸರ್ವೆ ನಂಬರ್, ಇಂಥ ದಿನ ಅರ್ಜಿ, ಈಗ ಯಾವ ಹಂತ. ಸೋತದ್ದಿದ್ದರೆ ಸೋತೆವು ಅಂತ ಓದಿ, ಮೇಲ್ಮನವಿ ಹಾಕಿದ್ದೇವಾ ಇಲ್ಲವಾ ಅದನ್ನೂ ಓದಿ. ಆ ಸಭೆಗೆ ನಾನು ಖಂಡಿತ ಬರುತ್ತೇನೆ, ಉಪ್ಪಿಟ್ಟು ಇಲ್ಲದಿದ್ದರೂ.

ನಕಲು ಅರ್ಜಿ ಬರೆಯಲು, ಹಳೆಯ ಅಡಂಗಲ್ ಓದಲು, ರೆಕಾರ್ಡ್ ರೂಮಿನಲ್ಲಿ ಧೂಳು ಕೊಡವಲು ಜನ ಬೇಕಾದರೆ ನಾವು ಕೆಲವು ಹಳೆಯ ಗುಮಾಸ್ತರು ಇದ್ದೇವೆ. ಮೋಡಿ ಅಕ್ಷರದ ಹಾಗೆ ಕಾಣುವ ಶಾನುಭೋಗರ ಕೈಬರಹ ನಮ್ಮಲ್ಲಿ ಕೆಲವರಿಗೆ ಇನ್ನೂ ಓದಲು ಬರುತ್ತದೆ. ಸಂಬಳ ಬೇಡ, ಬಸ್ ಚಾರ್ಜು ಕೊಟ್ಟರೆ ಸಾಕು. ಭಾನುವಾರ ಹೊರಡುವುದಾದರೆ ಗುರುವಾರದೊಳಗೆ ಹೇಳಿ, ನಕ್ಷೆ ತೆಗೆಸಿಡಲು ಎರಡು ದಿನ ಬೇಕಾಗುತ್ತದೆ.

ಇಂತಿ,
ನಿಮ್ಮ ಕೋರ್ಟಿನ ಒಬ್ಬ ಹಳೆಯ ಗುಮಾಸ್ತ